‘ಏಪ್ರಿಲ್ ಫಿಫ್ತ್’ ಕೇಳೋ ಮುಂಚೆ ಫ್ಯಾನ್ ಆರಿಸಿ

ಬೆಂಗಳೂರಿನ ಎಸ್‌ಪಿ ರೋಡ್ ಪಕ್ಕದ ಗಲ್ಲಿಯಲ್ಲಿ ನಾನು ಟೇಪ್ ಡೆಕ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಒಂದು ಸಲ ರಿಪೇರಿಗೆ ಬಂದ ಡೆಕ್ಕಿನಲ್ಲಿ ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಬೆಲ್ಟ್ ಬದಲಾಯಿಸಿ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಹೆಡ್ ಒರೆಸಿ, ಓಡುತ್ತದಾ ನೋಡೋಣ ಅಂತ ಅದನ್ನೇ ಹಾಕಿದೆ. ಇಂಗ್ಲೆಂಡಿನ ಟಾಕ್ ಟಾಕ್ ಬ್ಯಾಂಡಿನ ‘ದ ಕಲರ್ ಆಫ್ ಸ್ಪ್ರಿಂಗ್’ ಆಲ್ಬಮ್, 1986ರದ್ದು. ಮೊದಲ ಬದಿಯ ಕೊನೆ ಹಾಡು ಬಂದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಅದೇ ‘ಏಪ್ರಿಲ್ ಫಿಫ್ತ್’.

ಇದನ್ನೊಂದನ್ನೇ ಹಾಕಿ ಕೇಳಬೇಡಿ. ಮೊದಲು ಅವರದೇ 1984ರ ‘ಇಟ್ಸ್ ಮೈ ಲೈಫ್’ ಕೇಳಿ. ತುಂಬ ಸಿಂಥಸೈಜರ್, ಕಾಲು ತಾನಾಗೇ ತಾಳ ಹಾಕುತ್ತದೆ. ಆಮೇಲೆ ‘ಲೈಫ್ಸ್ ವಾಟ್ ಯೂ ಮೇಕ್ ಇಟ್’. ಅಲ್ಲಿ ಒಂದೇ ಪಿಯಾನೋ ವರಸೆ ತಿರುಗಿ ತಿರುಗಿ ಬರುತ್ತದೆ, ಡ್ರಮ್ಸ್ ಗಟ್ಟಿಯಾಗಿದೆ. ‘ದ ಕಲರ್ ಆಫ್ ಸ್ಪ್ರಿಂಗ್’ ಆಲ್ಬಮ್ಮಿನ ಹಿಟ್ ಹಾಡು ಅದು. ಅದರ ಬೆನ್ನಿಗೇ ಬರುವುದರಿಂದ ನಮ್ಮ ಹಾಡು ಮರೆಯಾಯಿತು ಅನ್ನಿಸುತ್ತದೆ ನನಗೆ.

ಈಗ ಫ್ಯಾನ್ ಆರಿಸಿ. ಸುಮ್ನೆ ಹೇಳುತ್ತಿಲ್ಲ. ಫ್ಯಾನಿನ ಗುಂಯ್ ಸದ್ದು ಈ ಹಾಡನ್ನು ಅರ್ಧ ತಿಂದುಹಾಕುತ್ತದೆ. ಮೆಟ್ರೋದಲ್ಲಂತೂ ಬೇಡವೇ ಬೇಡ. ಬೆಳಗಿನ ಐದು ಗಂಟೆ, ಪಕ್ಕದ ಮನೆ ಕುಕ್ಕರ್ ಕೂಗುವ ಮುಂಚೆ, ಹೆಡ್‌ಫೋನಿನಲ್ಲಿ ಕೇಳಿ.

ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋಗಿದ್ದೀರಾ? ಆಲಾಪನೆ ನಡೆಯುವಾಗ ಮೃದಂಗದವರು ಕೈ ಮಡಚಿ ಕೂತಿರುತ್ತಾರೆ. ತಾಳ ಯಾವಾಗ ಶುರು ಅಂತ ಆಗ ನಾವು ಕಾಯುವುದಿಲ್ಲ, ಅಲ್ವಾ? ಇದನ್ನೂ ಹಾಗೇ ಕೇಳಬೇಕು. ಹಾಡಿನಲ್ಲಿ ಚಳಿಗಾಲ ಕಳೆದು ವಸಂತ ಬರುತ್ತದೆ, ಅಬ್ಬರವಿಲ್ಲದೆ. ಬ್ಯಾಂಡಿನ ಗಾಯಕ ಮಾರ್ಕ್ ಹಾಲಿಸ್ ದನಿ ಎತ್ತುವುದೇ ಇಲ್ಲ. ಸ್ಯಾಕ್ಸೊಫೋನ್ ಬಂದಾಗ ವಾಲ್ಯೂಮ್ ಮುಟ್ಟಬೇಡಿ, ಅದು ಮೆಲ್ಲಗೆ ಇರಬೇಕಾದದ್ದೇ. ನಮ್ಮಲ್ಲಿ ಯುಗಾದಿ ಹೊತ್ತಿಗೆ ಹೊಂಗೆ ಚಿಗುರುವುದೂ ಹೀಗೇ. ನಿನ್ನೆ ಬೋಳಾಗಿದ್ದ ಕೊಂಬೆ ಇವತ್ತು ನೋಡಿದರೆ ಮಿರಿಮಿರಿ ಹಸಿರು.

ಎರಡನೇ ಸಲ ಕೇಳುವಾಗ ಸ್ವರಗಳನ್ನು ಬಿಟ್ಟು ಅವುಗಳ ನಡುವಿನ ಜಾಗಕ್ಕೆ ಕಿವಿ ಕೊಡಿ. ಮುಂದೆ 1988ರ ‘ಸ್ಪಿರಿಟ್ ಆಫ್ ಈಡನ್’ನಲ್ಲಿ ಅವರು ಇಡೀ ಆಲ್ಬಮ್ ಕಟ್ಟಿದ್ದು ಆ ಜಾಗದಲ್ಲೇ. ಆರೇ ಹಾಡು, ಪಾಪ್ ಅನ್ನುವ ಹಾಗೇ ಇಲ್ಲ. ‘ಏಪ್ರಿಲ್ ಫಿಫ್ತ್’ ಕೇಳಿದವರಿಗೆ ಅದು ದಿಢೀರ್ ಬದಲಾವಣೆ ಅನ್ನಿಸುವುದಿಲ್ಲ. ಹಾಲಿಸ್ 2019ರಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ಅಂಗಡಿಯಲ್ಲಿ ನಾನು ಹಾಕಿದ್ದು ಇದೊಂದನ್ನೇ.

ಫೋನಿನಲ್ಲಿ ಕೇಳುವವರು ಹಾಡು ಮುಗಿದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ಎರಡನೇ ಬದಿಯ ಜೋರು ಹಾಡು ಮೇಲೆ ಬೀಳುತ್ತದೆ. ಕ್ಯಾಸೆಟ್ ಇದ್ದರೆ ಇನ್ನೂ ಒಳ್ಳೆಯದು. ಖಾಲಿ ಟೇಪ್ ಸರ್ ಅಂತ ಓಡಲಿ. ಡೆಕ್ ತಾನಾಗೇ ಟಕ್ ಅಂತ ನಿಲ್ಲುವವರೆಗೂ ಕೈ ಹಾಕಬೇಡಿ.