ಉಯಿಲು, ಜಂಟಿ ಖಾತೆ, ಎಣ್ಣೆ ಸ್ನಾನ: ಅರವತ್ತರ ಮೇಲೆ ನಾವು ಕೂಡಿ ಬಾಳಿದ ಬಗೆ

ಅರವತ್ತು ದಾಟಿದ ಇಬ್ಬರು ಗಂಡಸರು ಹೊಸದಾಗಿ ಸಂಸಾರ ಹೂಡುವುದು ಬೆಂಗಳೂರಿನಲ್ಲಿ ನಡೆಯದ ಮಾತು ಎಂದವರು ನಮ್ಮ ಗೇ ಗೆಳೆಯರೇ. ಕಬ್ಬನ್ ಪಾರ್ಕಿನ ದಿನಗಳಿಂದ ನನ್ನನ್ನು ಬಲ್ಲವರು. ನಾವು ಕೂಡಿ ಬಾಳುತ್ತ ಆರೇಳು ವರ್ಷವಾಯಿತು. ಅವರಲ್ಲೇ ಕೆಲವರು ಈಗ ನನ್ನ ಕಾಗದಪತ್ರಗಳ ನಕಲು ಕೇಳಿ ಒಯ್ಯುತ್ತಿದ್ದಾರೆ. ನಮ್ಮ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಕಥೆ, ನಮ್ಮಂಥವರ ಮದುವೆಗೆ ಮಾನ್ಯತೆ ಕೊಡದ 2023ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ನಿಮಗೆ ಗೊತ್ತಿದ್ದದ್ದೇ. ನೇರ ಮನೆಯ ವಿಷಯಕ್ಕೆ ಬರುತ್ತೇನೆ.

ಮನೆ ನನ್ನ ಹೆಸರಿನಲ್ಲಿದೆ. ತಂದೆತಾಯಿ ಇಲ್ಲ, ಮಕ್ಕಳಿಲ್ಲ. ಉಯಿಲಿಲ್ಲದೆ ನಾನು ಹೋದರೆ ಆಸ್ತಿ ತಮ್ಮ-ತಂಗಿಗೆ; ನಮ್ಮವರು, ಅಂದರೆ ನನ್ನ ಸಂಗಾತಿ, ಬೀದಿಗೆ. ಅರ್ಧ ಮನೆ ದಾನಪತ್ರ ಮಾಡೋಣವೆಂದು ಹೊರಟೆ. ತಮ್ಮನಿಗೆ ಕೊಟ್ಟಿದ್ದರೆ ಕೆಲವೇ ಸಾವಿರದ ಮುದ್ರಾಂಕ ಶುಲ್ಕ. ಸಂಗಾತಿಗಾದರೆ ಮಾರಾಟಕ್ಕಿರುವಷ್ಟೇ ಶುಲ್ಕ. ಅರ್ಧ ಭಾಗಕ್ಕೆ 60 ಲಕ್ಷ ಹಿಡಿದರೂ ನೋಂದಣಿ ಸೇರಿ ಆಗ ನಾಲ್ಕು ಲಕ್ಷದ ಹತ್ತಿರವಿತ್ತು. ಅದನ್ನಾದರೂ ಕಟ್ಟುತ್ತಿದ್ದೆ. ಆದರೆ ಬಂಧುವಲ್ಲದವರಿಂದ 50 ಸಾವಿರಕ್ಕೆ ಮೀರಿ ಬಂದ ಉಡುಗೊರೆ ಪಡೆದವರ ಆದಾಯವೆನಿಸುತ್ತದೆ. ಪಿಂಚಣಿಯಲ್ಲಿ ಬದುಕುವ ಮನುಷ್ಯ 16 ಲಕ್ಷದ ಆಸುಪಾಸು ತೆರಿಗೆ ಎಲ್ಲಿಂದ ತಂದಾನು? ಪಾಲುದಾರಿಕೆ ಸಂಸ್ಥೆ ಮಾಡಿ ಮನೆಯನ್ನು ಅದರ ಬಂಡವಾಳವಾಗಿ ತೋರಿಸುವ ದಾರಿಯನ್ನೂ ಹುಡುಕಿದೆ. ಹಾಗೆ ತೋರಿಸಿದೊಡನೆ ನನಗೇ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ ಎಂದರು ಆಡಿಟರ್. ಆ ಸಲಹೆಗೇ ಹತ್ತು-ಹನ್ನೆರಡು ಸಾವಿರ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಉಯಿಲು. ಅದರಿಂದ ಬಂದ ಆಸ್ತಿಗೆ ಆ ತೆರಿಗೆಯಿಲ್ಲ, ಮುದ್ರಾಂಕ ಶುಲ್ಕವಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆ. ವಕೀಲರಿಗೇ ಹೊಳೆಯದ ಏರ್ಪಾಟು ನನ್ನದು: ನಮ್ಮವರು ಬದುಕಿರುವ ತನಕ ವಾಸದ ಹಕ್ಕು, ಬಾಡಿಗೆಯ ಹಕ್ಕು ಅವರಿಗೆ, ಆಮೇಲೆ ಮನೆ ನನ್ನ ತಂಗಿಯ ಮಗಳಿಗೆ. ಮನೆ ಕೈಬಿಟ್ಟು ಹೋಗುವುದಿಲ್ಲವೆಂದು ತಿಳಿದದ್ದೇ ನೆಂಟರ ಗೊಣಗಾಟ ನಿಂತಿತು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ಒಬ್ಬ ವೈದ್ಯರಿದ್ದರೆ ಒಳ್ಳೆಯದು. ತಕರಾರು ಏಳದಂತೆ ಸೇರಿಸಿದ ಇನ್ನೊಂದು ವಾಕ್ಯವಿದೆ; ಅದನ್ನು ಮುಖತಃ ಕೇಳಿದವರಿಗಷ್ಟೇ ಹೇಳುತ್ತೇನೆ.

ಜಂಟಿ ಖಾತೆಗೆ ಹೋದಾಗ ಒಂದು ಬ್ಯಾಂಕಿನವರು ‘ಸಂಬಂಧ ಏನು?’ ಎಂದು ಕೇಳಿ ಅರ್ಜಿ ತಿರುಗಿಸಿದ್ದರು. ನಮ್ಮಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿತಲ್ಲ, ಅದರ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವತ್ತೇ ಖಾತೆಯಾಯಿತು. ಆಸ್ಪತ್ರೆಗೆ ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ) ನಂಬಬೇಡಿ, ಬರೆದುಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಅದೂ ಸತ್ತಂತೆ. ಜೀವರಕ್ಷಕ ಯಂತ್ರ ಬೇಕೋ ಬೇಡವೋ ಎಂಬ ಮುಂಗಡ ನಿರ್ದೇಶನ ಪತ್ರ ಬರೆದು, ಒಬ್ಬರಿಗೊಬ್ಬರು ಗಾರ್ಡಿಯನ್ ಎಂದು ಹೆಸರಿಸಿದೆವು. 2023ರಿಂದ ಇದಕ್ಕೆ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು.

ಇನ್ನು ಹಾಸಿಗೆ. ಈ ಮಾತನ್ನು ನಮ್ಮ ವಯಸ್ಸಿನ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಮ್ಮವರಿಗೆ ಹೃದಯದ ತೊಂದರೆ, ಜೇಬಿನಲ್ಲಿ ಸದಾ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್. ಅದರ ಜೊತೆ ವಯಾಗ್ರ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ವೈದ್ಯರು ತಾವಾಗಿ ಕೇಳಲಿಲ್ಲ. ನಾನೇ ಪಕ್ಕದಲ್ಲಿ ಕೂತು ಕೇಳಿದೆ. ಮಾತ್ರೆಯ ದಾರಿ ಮುಚ್ಚಿದ ಮೇಲೆ ಶನಿವಾರದ ಎಣ್ಣೆ ಸ್ನಾನ ಹಿಡಿದೆವು. ನೆತ್ತಿಯಿಂದ ಅಂಗಾಲಿನವರೆಗೆ ಒಬ್ಬರಿಗೊಬ್ಬರು ನಿಧಾನವಾಗಿ ಹಚ್ಚುವುದು, ಮಿಂದು ಊಟ ಮಾಡಿ ಮಧ್ಯಾಹ್ನ ಜೊತೆಗೆ ಮಲಗುವುದು. ಪ್ರಾಸ್ಟೇಟ್ ತೊಂದರೆ ರಾತ್ರಿ ಮೂತ್ರಕ್ಕೆ ನಾಲ್ಕೈದು ಸಲ ಎಬ್ಬಿಸುವುದರಿಂದ ಒಲುಮೆಗೆ ಹಗಲೇ ಮೇಲು. ಮಂಚ ಎರಡು, ಒಂದೇ ಎತ್ತರ, ಕೂಡಿಸಿ ಹಾಕಿದ್ದು. ಒಬ್ಬರು ಎದ್ದರೆ ಇನ್ನೊಬ್ಬರ ನಿದ್ದೆ ಕೆಡುವುದಿಲ್ಲ. ಮೂವತ್ತರಲ್ಲಿ ಇಷ್ಟು ಸುಖ ನನಗೆ ಸಿಕ್ಕಿರಲಿಲ್ಲ, ಎದೆ ತಟ್ಟಿ ಹೇಳುತ್ತೇನೆ.

ಎಣ್ಣೆಗೆ ನೆಲ ಜಾರುತ್ತದೆ. ಬಚ್ಚಲಿಗೆ ಮೊದಲು ಹಿಡಿಕಂಬಿ ಹಾಕಿಸಿ; ನಮಗೆ ಕೂಲಿ ಸೇರಿ ನಾಲ್ಕು ಸಾವಿರದೊಳಗೆ ಆಯಿತು. ಬರೀ ಟೈಲ್ಸಿಗೆ ಕೂರಿಸಿದರೆ ಭಾರಕ್ಕೆ ಕಿತ್ತು ಬರುತ್ತದೆ, ಬೋಲ್ಟು ಗೋಡೆಯ ಒಳಗೇ ಇಳಿಯಬೇಕು.