ಹಳದಿ ದೀಪದ ಮೂರು ವಾರ

ಪುಣೆಯ ಕೋಥ್ರೂಡಿನ ಮನೆಯಿಂದ ಶಿವಾಜಿನಗರದ ಕಚೇರಿಗೆ ಏಳೆಂಟು ಕಿಲೋಮೀಟರ್. ಕರ್ವೆ ರಸ್ತೆಯ ದಟ್ಟಣೆಯಲ್ಲಿ ಮೂರನೇ ಗೇರ್ ದಾಟುವುದೇ ಅಪರೂಪ. ನನ್ನದು 2021ರ ಬಿಎಸ್–6 ಡೀಸೆಲ್ ಕಾರು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಅದರಲ್ಲಿದೆ ಎಂದು ಕೊಳ್ಳುವಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ವರ್ಷ ಡ್ಯಾಶ್‌ಬೋರ್ಡಿನಲ್ಲಿ ಆ ಫಿಲ್ಟರಿನ ಹಳದಿ ದೀಪ ಹತ್ತಿತು. ಮೂರು ವಾರ ಹಾಗೆಯೇ ಓಡಿಸಿದೆ. ಕಚೇರಿ ತಲುಪಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಕೊನೆಗೆ ಕಾರಿನ ಎಳೆತವೇ ಕುಗ್ಗಿತು.

ಅಕ್ಕಲಕೋಟೆ ಕಡೆಯ ಕನ್ನಡಿಗ ಮೆಕ್ಯಾನಿಕ್ ಮೊದಲು ಎಳೆದದ್ದು ಆಯಿಲ್ ಕಡ್ಡಿಯನ್ನು. ಆಯಿಲ್ ಮೇಲಿನ ಗುರುತನ್ನು ದಾಟಿತ್ತು. "ಹೆಚ್ಚಾಗಿರುವುದು ಆಯಿಲ್ ಅಲ್ಲ ಸರ್, ಡೀಸೆಲ್" ಎಂದರು. ಫಿಲ್ಟರ್ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿ ಶಾಖ ಎಬ್ಬಿಸಿ ಮಸಿಯನ್ನು ಸುಡುತ್ತದೆ. ಅದಕ್ಕೆ ಹತ್ತಿಪ್ಪತ್ತು ನಿಮಿಷ ಎಡೆಬಿಡದ ಓಟ ಬೇಕು. ನಾನು ಪ್ರತಿ ಸಲ ಮಧ್ಯದಲ್ಲೇ ಕೀಲಿ ತಿರುಗಿಸುತ್ತಿದ್ದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲನ್ನು ತೆಳುವಾಗಿಸಿತ್ತು. ತೆಳು ಆಯಿಲಿನಲ್ಲಿ ಬೇರಿಂಗ್, ಟರ್ಬೊ ಸವೆಯುತ್ತವೆ. ದೀಪಕ್ಕೆ ಹೆದರದ ನಾನು ಈ ಮಾತಿಗೆ ಹೆದರಿದೆ.

ಅವರು ಸ್ಕ್ಯಾನರ್ ಜೋಡಿಸಿ ನಿಂತಲ್ಲೇ ಮಸಿ ಸುಡಿಸಿದರು. ಬಳಿಕ ಕಡಿಮೆ ಬೂದಿಯ ಆಯಿಲ್ ಹಾಕಿದರು. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲಿನ ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ. ಇನ್ನೊಂದು ಗ್ಯಾರೇಜಿನವರು ಫಿಲ್ಟರನ್ನೇ ಕಿತ್ತು ಹಾಕುತ್ತೇವೆ ಎಂದಿದ್ದರು. ಅದು ಕಾನೂನಿಗೆ ವಿರುದ್ಧ. ಅಲ್ಲದೆ ನಾನು ಕಾರು ಓಡಿಸುವ ರಸ್ತೆಯಲ್ಲೇ ನನ್ನ ಮಗಳು ಸೈಕಲ್ ತುಳಿಯುತ್ತಾಳೆ. ಒಪ್ಪಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ವಾರಜೆಯಲ್ಲಿ ಹೆದ್ದಾರಿ ಹಿಡಿದು ಖೇಡ್ ಶಿವಾಪುರದವರೆಗೆ ಹೋಗಿಬರುತ್ತೇನೆ. ನವಲೆ ಸೇತುವೆ ದಾಟಿದ ಮೇಲೆ ಕಾತ್ರಜ್ ಸುರಂಗದವರೆಗಿನ ಏರು ಈ ಕೆಲಸಕ್ಕೆ ಹೇಳಿಮಾಡಿಸಿದ್ದು: ನಾಲ್ಕನೇ ಗೇರಿನಲ್ಲಿ ಎರಡು ಸಾವಿರ ಆರ್‌ಪಿಎಂ ಮೇಲೆ ಹಿಡಿದರೆ ಎಂಜಿನ್‌ಗೆ ಭಾರ ಬಿದ್ದು ಹೊಗೆ ಚೆನ್ನಾಗಿ ಕಾಯುತ್ತದೆ. ಮರಳುವಾಗಿನ ಇಳಿಜಾರಿನಿಂದ ಆ ಲಾಭವಿಲ್ಲ. ಅಲ್ಲಿ ಅಪಘಾತಗಳೂ ಹೆಚ್ಚು, ನಿಧಾನವಾಗಿಯೇ ಇಳಿಯಬೇಕು.

ವಾರದ ದಿನಗಳಲ್ಲಿ ಕಚೇರಿ ಸಮೀಪಿಸುವಾಗ ಸಿಗ್ನಲ್‌ನಲ್ಲಿ ನಿಂತ ಕಾರಿನ ಆರ್‌ಪಿಎಂ ಎಂದಿಗಿಂತ ಏರಿದ್ದರೆ, ಮಸಿ ಸುಡುತ್ತಿರಬಹುದು ಎಂದುಕೊಂಡು ಗೇಟಿನೊಳಗೆ ತಿರುಗಿಸುವುದಿಲ್ಲ. ಔಂಧ್ ಕಡೆಗೆ ಹೋಗಿ, ಆರ್‌ಪಿಎಂ ಇಳಿದ ಮೇಲೆ ಬರುತ್ತೇನೆ. ಹತ್ತು ನಿಮಿಷ ತಡವಾಗುತ್ತದೆ. ತಿಂಗಳಿಗೊಮ್ಮೆ, ತಣ್ಣಗಿನ ಎಂಜಿನ್‌ನಲ್ಲಿ, ಆಯಿಲ್ ಕಡ್ಡಿಯನ್ನು ನಾನೇ ಒರೆಸಿ ನೋಡುತ್ತೇನೆ.