ಹದಿನೈದೂವರೆ ಲಕ್ಷದ ಬಿಎ

2016ರಲ್ಲಿ ಪಿಯುಸಿ ಆರ್ಟ್ಸ್ ಮುಗಿದಾಗ ನನಗೆ ಎರಡು ಕಡೆ ಬಿಎ ಸೀಟು ಸಿಕ್ಕಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಚ್‌ಇಪಿ, ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲೂ ಹೆಚ್ಚುಕಮ್ಮಿ ಅದೇ ವಿಷಯ, ಹೆಸರು ಮಾತ್ರ ‘ಲಿಬರಲ್ ಆರ್ಟ್ಸ್’. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ. ಮನಸ್ಸು ಬೆಂಗಳೂರಿನ ಕಡೆಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮಂಡ್ಯದ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿದೆ. 4 ಲಕ್ಷದವರೆಗೆ ಅಪ್ಪನ ಸಹಿ ಸಾಕು, ಅದರ ಮೇಲೆ ಏಳೂವರೆ ಲಕ್ಷದವರೆಗೆ ಇನ್ನೊಬ್ಬರ ಜಾಮೀನು, ಅದನ್ನೂ ಮೀರಿದರೆ ಆಸ್ತಿ ಅಡ ಇಡಬೇಕು ಅಂದರು. ಮಾವ ಜಾಮೀನಿಗೆ ಒಪ್ಪಿದರು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅಂದಾಗ ನನಗೆ ಸಾಲ ಪುಕ್ಕಟೆ ಸಿಕ್ಕಷ್ಟು ಖುಷಿ.

ಅಪ್ಪ ಕಬ್ಬಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ನಾನೇ ಸಾಲದ ಲೆಕ್ಕ ಬರೆದಾಗ ಆ ಖುಷಿ ಇಳಿಯಿತು. ಕಂತು ಇರಲ್ಲ, ಬಡ್ಡಿ ಇರುತ್ತೆ. 10% ಅಂತ ಇಟ್ಟುಕೊಂಡರೆ, ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 1 ಲಕ್ಷ. ಎರಡನೆಯದಕ್ಕೆ 75 ಸಾವಿರ, ಮೂರನೆಯದಕ್ಕೆ 50 ಸಾವಿರ. ಇದು ಅಸಲಿಗೆ ಸೇರುತ್ತೆ. ಏಳೂವರೆ ಲಕ್ಷದ ಸಾಲ, ಮೊದಲ ಕಂತು ಕಟ್ಟೋ ದಿನಕ್ಕೆ ಒಂಬತ್ತು ಮುಕ್ಕಾಲು ಲಕ್ಷ! ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ 12,885. ಒಟ್ಟು ಹದಿನೈದೂವರೆ ಲಕ್ಷದ ಹತ್ತಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು ಹತ್ತೂವರೆ ಸಾವಿರಕ್ಕೆ ಇಳಿಯುತ್ತೆ, ಒಟ್ಟು ಹತ್ತೊಂಬತ್ತು ಲಕ್ಷದ ಹತ್ತಿರ ಹೋಗುತ್ತೆ.

ಕೇಂದ್ರದ ಬಡ್ಡಿ ಸಬ್ಸಿಡಿ ಇದ್ದದ್ದು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ. ಬಿಎಗೆ ಇರಲಿಲ್ಲ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ ಅಡಿ ವಿನಾಯಿತಿ ಇದೆ ಅಂತ ಬ್ಯಾಂಕಿನವರು ಹೇಳಿದ್ದರು. ತೆರಿಗೆ ಕಟ್ಟುವಷ್ಟು ಸಂಬಳ ಬಂದರೆ ತಾನೇ?

ಹಾಳೆ ನೋಡಿ ಅಪ್ಪ ಕೇಳಿದ್ದು ಒಂದೇ ಮಾತು. ‘ತಿಂಗ್ ತಿಂಗ್ಳೂ ಕಟ್ಬೇಕಾ? ಕಬ್ಬು ತಿಂಗ್ಳಿಗೊಂದ್ಸಲ ಕಟಾವಿಗೆ ಬತ್ತದೇನ್ಲಾ?’ ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಗೆ ದುಡ್ಡು ಬರೋದು ವರ್ಷಕ್ಕೊಂದು ಸಲ, ಅದೂ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಆದಾಗ. ನನಗೆ ಕೆಲಸ ತಡವಾದರೆ ಕಂತು ತುಂಬೋರು ಯಾರು?

ಇನ್ನು ಸಂಬಳ. ಆ ಬೆಂಗಳೂರಿನ ಕಾಲೇಜಿನ ಪ್ರಚಾರದ ಹಾಳೆಯಲ್ಲಿ ಸರಾಸರಿ ಸಂಬಳ ಚೆನ್ನಾಗಿಯೇ ಇತ್ತು. ಅಲ್ಲಿ ಓದಿದ್ದ ಪರಿಚಯದ ಅಕ್ಕನಿಗೆ ಫೋನ್ ಮಾಡಿದೆ. ‘ಅದು ಕೆಲಸ ಸಿಕ್ಕವರ ಸರಾಸರಿ ಕಣೋ, ಸಿಗದೇ ಇರೋರು ಅದರಲ್ಲಿ ಎಲ್ಲಿರ್ತಾರೆ’ ಅಂದರು. ಅವರಿಂದಲೇ ನಂಬರ್ ಇಸಿದುಕೊಂಡು ಏಳು ಜನರನ್ನು ಮಾತಾಡಿಸಿದೆ. ಇಬ್ಬರು ವಿಜಯನಗರದಲ್ಲಿ ಕೆಎಎಸ್ ಕೋಚಿಂಗ್‌ಗೆ ಹೋಗುತ್ತಿದ್ದರು. ಒಬ್ಬರು ಬಿಎಡ್‌ನಲ್ಲಿ, ಅಂದ್ರೆ ಇನ್ನೂ ಎರಡು ವರ್ಷ ಓದು. ಕೆಲಸದಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮೂವತ್ತು ಸಾವಿರದ ಮೇಲೆ. ‘ಸಂಬಳ ಎಷ್ಟು’ ಅಂತ ಕೇಳಿದರೆ ಎಲ್ಲರೂ ಸ್ವಲ್ಪ ಏರಿಸಿ ಹೇಳ್ತಾರೆ. ‘ಪಿಜಿ ಬಾಡಿಗೆ, ಊಟ ಕಳೆದು ತಿಂಗಳ ಕೊನೆಗೆ ಎಷ್ಟು ಉಳಿಯುತ್ತೆ’ ಅಂತ ಕೇಳಿದೆ. ಇಬ್ಬರು ಸುಮ್ನೆ ನಕ್ಕರು.

ನಾನು ಹಿಡಿದುಕೊಂಡಿದ್ದು ಆ ನಾಲ್ವರಲ್ಲಿ ಅತಿ ಕಡಿಮೆ ಸಂಬಳದವರ ಲೆಕ್ಕ, ಹದಿನಾರು ಸಾವಿರ. ಅದರಲ್ಲಿ ಕಂತು ಕಳೆದರೆ ಬೆಂಗಳೂರಿನಲ್ಲಿ ಬಾಡಿಗೆಗೂ ಸಾಲದು.

ಮೈಸೂರಿಗೇ ಸೇರಿದೆ. ಮಂಡ್ಯದಿಂದ ಬೆಳಗಿನ ಟ್ರೈನು, ಪಾಸು, ಡಬ್ಬಿಯಲ್ಲಿ ಅವ್ವ ಕಟ್ಟಿದ ಮುದ್ದೆ ಬಿಟ್ಟು ಬೇರೆಲ್ಲ. ಕಳೆದುಕೊಂಡದ್ದೂ ಇದೆ. ಆ ಬೆಂಗಳೂರಿನವರು ಮೊದಲ ವರ್ಷವೇ ಕಲಿತ ಇಂಗ್ಲಿಷ್ ಮಾತು ನನಗೆ ಬರಲು ಎಂಎ ಮುಗಿಯಬೇಕಾಯಿತು. ಎರಡು ಇಂಟರ್‌ವ್ಯೂ ಅದರಿಂದಲೇ ಹೋದವು.

ಎಂಎ ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ. ಸಾಲ ಇದ್ದಿದ್ದರೆ ಎಂಎ ಸೇರುತ್ತಿರಲಿಲ್ಲ ಅನಿಸುತ್ತೆ. ಬ್ಯಾಂಕನ್ನು ಕೇಳಿ ಕಂತು ಮುಂದೂಡಬಹುದಿತ್ತು, ಬಡ್ಡಿ ನಿಲ್ಲುತ್ತಿತ್ತಾ? ಮೊದಲ ಕೆಲಸ ಮೈಸೂರಿನಲ್ಲೇ, ಸರ್ವೆ ಮಾಡಿಸುವ ಒಂದು ಸಂಸ್ಥೆಯಲ್ಲಿ. ಕೈಗೆ ಬಂದದ್ದು 14,000. ಆವತ್ತು ಮನೆಗೆ ಹೋಗಿ ನೋಟ್‌ಬುಕ್ಕಿನ ಕೊನೆ ಹಾಳೆ ತೆಗೆದು 12,885 ಕಳೆದೆ. 1,115 ಉಳಿಯಿತು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ‘ಗೊಬ್ಬರದ ಮೂಟೆಗಾಯ್ತದೆ’ ಅಂದರು.